ತೇಲಿದ ಕಥೆ, ಮುಳುಗಿದ ಕಥೆ

ಕುಯ್ದು ತಂದ ಕಾಫಿ ಹಣ್ಣನ್ನು ಪಲ್ಪರಿಗೆ ಹಾಕುವ ಮೊದಲು ನಾವೆಲ್ಲ ಮಾಡುವ ಕೆಲಸವೊಂದಿದೆ. ಹಣ್ಣನ್ನು ನೀರಿಗೆ ಸುರಿಯುತ್ತೇವೆ. ಗಟ್ಟಿಯಾದದ್ದು ತಳಕ್ಕಿಳಿಯುತ್ತದೆ, ಜೊಳ್ಳು ಮೇಲೆ ತೇಲುತ್ತದೆ. ಬುಟ್ಟಿಯಲ್ಲಿದ್ದಾಗ ಎರಡರ ಬಣ್ಣವೂ ಒಂದೇ, ನೋಡಿ ಹೇಳುವಂತಿಲ್ಲ. ನೀರೇ ಹೇಳಬೇಕು.

ನಮ್ಮ ಬೆಳೆಗಳ ಬಗ್ಗೆ ಲೋಕದಲ್ಲಿ ಹಬ್ಬಿರುವ ಸೋಜಿಗದ ಕಥೆಗಳಿಗೂ ಈ ನ್ಯಾಯ ಅನ್ವಯಿಸುತ್ತದೆ. ಈ ಸಂಚಿಕೆಯಲ್ಲಿ ಧಾರಣೆ, ಗೊಬ್ಬರ, ಬೋರ್ಡೋ ದ್ರಾವಣಗಳ ಮಾತನ್ನು ಕೊಂಚ ಹೊತ್ತು ಬದಿಗಿಟ್ಟು ಅಂಥ ಕೆಲವು ಕಥೆಗಳನ್ನು ನೀರಿಗೆ ಹಾಕಿ ನೋಡೋಣ. ನೀರೆಂದರೆ ಮೂರೇ ಪ್ರಶ್ನೆ: ಕಣ್ಣಾರೆ ಕಂಡವರು ಯಾರು? ಬರೆದಿಟ್ಟದ್ದು ಯಾವಾಗ? ಹೇಳಿದವನಿಗೆ ಅದರಿಂದ ಏನು ಲಾಭ?

ಮೊದಲನೆಯದು ಎಲ್ಲರೂ ಬಲ್ಲ ಆಡಿನ ಕಥೆ. ಇಥಿಯೋಪಿಯದ ಕಾಲ್ದಿ ಎಂಬ ಹುಡುಗ ಆಡು ಮೇಯಿಸುತ್ತಿದ್ದನಂತೆ. ಕೆಂಪು ಹಣ್ಣು ತಿಂದ ಆಡುಗಳು ಕುಣಿದಾಡಿದವಂತೆ. ಹುಡುಗನೂ ತಿಂದು ಕುಣಿದನಂತೆ. ಇದು ನಡೆದದ್ದು ಸುಮಾರು 9ನೆಯ ಶತಮಾನದಲ್ಲಿ ಎಂದು ಹೇಳುವುದುಂಟು. ಆದರೆ ಯುರೋಪಿನಲ್ಲಿ ಈ ಕಥೆ ಅಚ್ಚಾದದ್ದು 1671ರಲ್ಲಿ, ರೋಮ್ ನಗರದಲ್ಲಿ ಫೌಸ್ಟಸ್ ನೈರೋನ್ ಎಂಬ ವಿದ್ವಾಂಸ ಲ್ಯಾಟಿನ್ ಭಾಷೆಯಲ್ಲಿ ಬರೆದ ಪುಸ್ತಕದಲ್ಲಿ. ನಡೆಯಿತೆನ್ನುವ ಕಾಲಕ್ಕೂ ಬರೆದ ಕಾಲಕ್ಕೂ ನಡುವೆ ಎಂಟು ಶತಮಾನ! ಅಲ್ಲಿಯೂ ಮೇಯುತ್ತಿದ್ದದ್ದು ಆಡುಗಳೋ ಒಂಟೆಗಳೋ ಎಂಬುದು ಇತ್ಯರ್ಥವಾಗಿಲ್ಲ. ಕಾಲ್ದಿ ಎಂಬ ಹೆಸರು ಅನಂತರ ಬಂದು ಸೇರಿಕೊಂಡದ್ದು. ಅರೇಬಿಕಾ ಗಿಡದ ತವರು ಇಥಿಯೋಪಿಯ ಎಂಬುದು ಮಾತ್ರ ನಿಜ. ಗಿಡ ಮುಳುಗಿತು, ಆಡು ತೇಲಿತು.

ಎರಡನೆಯದು ಸ್ವೀಡನ್ನಿನ ದೊರೆ ಮೂರನೆಯ ಗುಸ್ಟಾವನದು. ಕಾಫಿ ವಿಷವೆಂದು ತೋರಿಸಿಕೊಡಲು ಆತ ಮರಣದಂಡನೆಗೆ ಗುರಿಯಾದ ಅವಳಿ ಸೋದರರನ್ನು ಕರೆಸಿ, ಒಬ್ಬನಿಗೆ ದಿನವೂ ಕಾಫಿ, ಇನ್ನೊಬ್ಬನಿಗೆ ದಿನವೂ ಚಹಾ ಕುಡಿಸಿದನಂತೆ. ನಿಗಾ ವಹಿಸಿದ್ದ ವೈದ್ಯರು ಮೊದಲು ಸತ್ತರು, ಆಮೇಲೆ ದೊರೆ ಸತ್ತ, ಚಹಾ ಕುಡಿದವನು 83 ವರ್ಷ ಬದುಕಿ ಸತ್ತ, ಕಾಫಿ ಕುಡಿದವನು ಎಲ್ಲರನ್ನೂ ಮೀರಿಸಿ ಬದುಕಿದ ಎಂದು ಕಥೆ. ಕಾಫಿ ಬೆಳೆಯುವ ನಮಗೆ ಇದಕ್ಕಿಂತ ಹಿತವಾದ ಕಥೆ ಬೇಕೆ? ಆದರೆ ಆ ಸೋದರರ ಹೆಸರಿಲ್ಲ, ವೈದ್ಯರ ಹೆಸರಿಲ್ಲ, ಸೆರೆಮನೆಯ ದಾಖಲೆಯಿಲ್ಲ. ಗುಸ್ಟಾವ್ ದೊರೆ 1792ರಲ್ಲಿ ಮುಖವಾಡದ ನೃತ್ಯಕೂಟವೊಂದರಲ್ಲಿ ಗುಂಡೇಟು ತಿಂದು ಸತ್ತದ್ದು ನಿಜ. ಸ್ವೀಡನ್ನಿನಲ್ಲಿ 1756ರಿಂದ ಮೊದಲ್ಗೊಂಡು ಹಲವು ಬಾರಿ ಕಾಫಿಯನ್ನು ನಿಷೇಧಿಸಿದ್ದೂ ನಿಜ. ಅವಳಿಗಳು ಮಾತ್ರ ತೇಲಿದರು. ಹೇಳಿಕೊಳ್ಳಲು ನಮಗೆ ಲಾಭವಿರುವ ಕಥೆಯನ್ನೇ ನಾವು ಹೆಚ್ಚು ಎಚ್ಚರದಿಂದ ನೋಡಬೇಕೆಂಬ ಪಾಠವೊಂದು ಉಳಿಯಿತು.

ಇನ್ನು ಮುಳುಗಿದವುಗಳತ್ತ ಬರೋಣ. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ 1675ನೇ ಡಿಸೆಂಬರ್ 29ರಂದು ಒಂದು ಫರ್ಮಾನು ಹೊರಡಿಸಿದ. ಕಾಫಿ ಅಂಗಡಿಗಳಲ್ಲಿ ಕೆಲಸವಿಲ್ಲದವರು ಕೂಡಿ ಸರಕಾರದ ಮೇಲೆ ಅಪಪ್ರಚಾರ ಮಾಡುತ್ತಾರೆ; ಆದಕಾರಣ ಜನವರಿ 10ರಿಂದ ದೇಶದ ಎಲ್ಲ ಕಾಫಿ ಅಂಗಡಿಗಳೂ ಮುಚ್ಚತಕ್ಕದ್ದು ಎಂಬುದು ಅದರ ತಾತ್ಪರ್ಯ. ವರ್ತಕರು ಗದ್ದಲವೆಬ್ಬಿಸಿದರು. ನಿಷೇಧ ಜಾರಿಗೆ ಬರಲು ಎರಡು ದಿನವಿರುವಾಗ, ಜನವರಿ 8ರಂದು, ದೊರೆ ಫರ್ಮಾನನ್ನು ಹಿಂತೆಗೆದುಕೊಂಡ. ಹೊರಡಿಸಿದ್ದಕ್ಕೂ ಹಿಂತೆಗೆದದ್ದಕ್ಕೂ ಸರಕಾರಿ ಕಾಗದವಿದೆ. ಸಂತೆಯ ದಿನ ಕಾಫಿ ಹೋಟೆಲಿನ ಬೆಂಚಿನ ಮೇಲೆ ಕುಳಿತು ಸರಕಾರಕ್ಕೆ ಬುದ್ಧಿ ಹೇಳುವ ನಮ್ಮವರಿಗೆ ಇದು ಸಮಾಧಾನ ತರುವ ವಿಚಾರ.

ಪ್ರಷ್ಯದ ದೊರೆ ಫ್ರೆಡರಿಕ್‌ನದು ಇದಕ್ಕಿಂತ ಸ್ವಾರಸ್ಯದ ಪ್ರಸಂಗ. ಕಾಫಿಗಾಗಿ ದೇಶದ ಹಣ ಹೊರಗೆ ಹರಿದುಹೋಗುತ್ತದೆ, ನಮ್ಮ ಜನ ಬಿಯರ್ ಕುಡಿಯಲಿ ಎಂಬುದು ಆತನ ವಾದ. 1781ರಲ್ಲಿ ಕಾಫಿ ಹುರಿಯುವ ಹಕ್ಕನ್ನೇ ಸರಕಾರದ ವಶಕ್ಕೆ ತೆಗೆದುಕೊಂಡ. ಕದ್ದು ಹುರಿಯುವವರನ್ನು ಹಿಡಿಯಲು, ಯುದ್ಧದಲ್ಲಿ ಅಂಗಹೀನರಾದ ಸೈನಿಕರನ್ನು ನೇಮಿಸಿದ. ಬೀದಿ ಬೀದಿ ಅಲೆದು, ಯಾರ ಮನೆಯಿಂದ ಹುರಿದ ಕಾಫಿಯ ಘಮ ಬರುತ್ತದೆಂದು ಮೂಸಿ ನೋಡುವುದೇ ಅವರ ಉದ್ಯೋಗ! ಜನ ಅವರಿಗೆ ‘ಕಾಫಿ ಮೂಸುವವರು’ ಎಂದೇ ಹೆಸರಿಟ್ಟಿದ್ದರು. ಬಡವರು ಚಿಕೋರಿ ಬೇರನ್ನು ಹುರಿದು ಪುಡಿ ಮಾಡಿ ನಾಲಗೆಗೆ ಸಮಾಧಾನ ಹೇಳಿಕೊಂಡರು. 1786ರಲ್ಲಿ ದೊರೆ ತೀರಿಕೊಂಡ ಮೇಲೆ ಈ ಏರ್ಪಾಡು ಬಹಳ ಕಾಲ ನಿಲ್ಲಲಿಲ್ಲ. ಕೇಳಿದರೆ ಕಟ್ಟುಕಥೆಯೆನಿಸುವ ಈ ಪ್ರಸಂಗ ನೀರಿಗೆ ಹಾಕಿದೊಡನೆ ತಳ ಸೇರುತ್ತದೆ. ಕಥೆ ವಿಚಿತ್ರವಾಗಿದೆ ಎಂದಾಕ್ಷಣ ಸುಳ್ಳಾಗಬೇಕೆಂದಿಲ್ಲ.

ಕಥೆಯೆಂದು ಒಪ್ಪಿಕೊಂಡೇ ಹೇಳಿದ ಕಥೆಗಳೂ ಇವೆ. ಅವುಗಳಿಗೆ ಈ ಪರೀಕ್ಷೆ ಬೇಕಾಗಿಲ್ಲ. ಜರ್ಮನಿಯ ಸಂಗೀತಗಾರ ಬಾಖ್ ಸುಮಾರು 1734ರಲ್ಲಿ ಕಾಫಿಯ ಮೇಲೆ ಒಂದು ಹಾಸ್ಯಗೀತ ನಾಟಕವನ್ನೇ ರಚಿಸಿದ. ಆತನ ಸಂಗೀತ ಮಂಡಲಿ ಲೈಪ್ಸಿಗ್ ನಗರದ ತ್ಸಿಮ್ಮರ್‌ಮನ್ ಕಾಫಿ ಅಂಗಡಿಯಲ್ಲಿ ಕಚೇರಿ ನಡೆಸುತ್ತಿತ್ತು. ನಾಟಕದಲ್ಲಿ ತಂದೆಯೊಬ್ಬ ಕಾಫಿಯ ಹುಚ್ಚು ಹಿಡಿದ ಮಗಳನ್ನು ಗದರಿಸುತ್ತಾನೆ: ಹೊಸ ಬಟ್ಟೆ ಕೊಡಿಸುವುದಿಲ್ಲ, ಹೊರಗೆ ಬಿಡುವುದಿಲ್ಲ. ಮಗಳು ಜಗ್ಗುವುದಿಲ್ಲ. ಕಾಫಿ ಬಿಡದಿದ್ದರೆ ಮದುವೆಯಿಲ್ಲ ಎಂದಾಗ ಮಾತ್ರ ಒಪ್ಪುತ್ತಾಳೆ. ಆದರೆ ಒಳಗಿಂದೊಳಗೆ, ಬೇಕಾದಾಗ ಕಾಫಿ ಮಾಡಿಕೊಳ್ಳಲು ಬಿಡುವ ಗಂಡನನ್ನಲ್ಲದೆ ಬೇರಾರನ್ನೂ ವರಿಸೆನೆಂದು ಸುದ್ದಿ ಹಬ್ಬಿಸುತ್ತಾಳೆ. ಇಂಥ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿಯೂ ಇಲ್ಲವೆನ್ನುವಂತಿಲ್ಲ.

ಕಾಫಿಯ ಮಾತೇ ಆಯಿತು, ಅಡಿಕೆಯನ್ನು ಮರೆತಿರೆಂದು ತೋಟದ ಕೆಳಗಿನ ಸದಸ್ಯರು ಮುನಿಯಬಾರದು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ದೊರೆಯ ದರ್ಶನವಾದಾಗಲೆಲ್ಲ ತನಗೆ ತಾಂಬೂಲ, ಹಣದ ಚೀಲ, ಕರ್ಪೂರ ಸಲ್ಲುತ್ತಿದ್ದವೆಂದು ಆತ ಬರೆದಿದ್ದಾನೆ. ಇದು ಸ್ವತಃ ಕೈಯಲ್ಲಿ ಹಿಡಿದವನ ಮಾತು, ಮುಳುಗಿತು. ಎಲೆ, ಅಡಿಕೆ, ಸುಣ್ಣ ಕೂಡಿದರೆ ಬರುವ ಹುರುಪನ್ನು ಬಣ್ಣಿಸುತ್ತ, ದೊರೆಯ ಅಂತಃಪುರದಲ್ಲಿ ಏಳುನೂರು ಸ್ತ್ರೀಯರಿದ್ದಾರಂತೆ, ಅದು ಸಾಧ್ಯವಾದದ್ದು ಬಹುಶಃ ಈ ತಾಂಬೂಲದ ಬಲದಿಂದಲೇ ಎಂದೂ ಸೇರಿಸಿದ್ದಾನೆ. ಅಂತಃಪುರದೊಳಗೆ ರಾಯಭಾರಿಗೆ ಪ್ರವೇಶವೆಲ್ಲಿಯದು? ಇದು ಕೇಳಿದ ಮಾತು, ತೇಲಿತು. ಒಬ್ಬನೇ ಮನುಷ್ಯ, ಒಂದೇ ಪುಸ್ತಕ. ಕಂಡದ್ದು ಬೇರೆ, ಕೇಳಿದ್ದು ಬೇರೆ.

ನಮ್ಮ ಮನೆಯ ಕಥೆಗೂ ಇದೇ ನೀರು. ಬಾಬಾ ಬುಡನ್ ಅವರು ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪರಂಪರೆ. ಏಳೆಂಬ ಎಣಿಕೆ ಭಕ್ತಿಯ ಮಾತು. ಅದನ್ನು ತೂಗಲು ನಾವು ಯಾರು? ಆದರೆ ತೂಗಿ ನೋಡಬಹುದಾದ ಸಂಗತಿಯೊಂದು ಇದರ ಪಕ್ಕದಲ್ಲೇ ಇದೆ. ಡಚ್ಚರು 1696ರಲ್ಲಿ ಮಲಬಾರ್ ಕರಾವಳಿಯಿಂದ ಕಾಫಿಯನ್ನು ಜಾವಾ ದ್ವೀಪಕ್ಕೆ ಒಯ್ದರು. ಅದು ನೆರೆಯಲ್ಲಿ ನಾಶವಾಗಲು 1699ರಲ್ಲಿ ಮತ್ತೆ ಒಯ್ದರು. ಜಾವಾದಿಂದ 1706ರಲ್ಲಿ ಗಿಡ ಆಮ್‌ಸ್ಟರ್‌ಡಾಮಿಗೆ ಹೋಯಿತು. ಅದರ ಸಂತತಿಯ ಒಂದು ಗಿಡ 1714ರಲ್ಲಿ ಫ್ರಾನ್ಸಿನ ದೊರೆಗೆ ಕಾಣಿಕೆಯಾಯಿತು. ಆ ವಂಶವೇ ಮುಂದೆ ಅಮೆರಿಕ ಖಂಡದ ತೋಟಗಳಿಗೆ ಹಬ್ಬಿತು. ಬೆರಳೆಣಿಕೆಯ ಗಿಡಗಳಿಂದ ಹುಟ್ಟಿದ ಇಷ್ಟು ದೊಡ್ಡ ಸಂಸಾರದ ರಕ್ತ ಬಹಳ ತೆಳು. 1869ರಲ್ಲಿ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಾಗ ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾಫಿ ನೆಲಕಚ್ಚಿ, ತೋಟಗಳು ಚಹಾಕ್ಕೆ ತಿರುಗಿದವು.

ಇಲ್ಲಿಗೆ ನಾವು ಹೇಳಬೇಕೆಂದಿದ್ದ ಮಾತಿಗೆ ಬಂದೆವು. ಆ ತುಕ್ಕಿನ ಕಾಟದ ನಡುವೆ, 1911ರಲ್ಲಿ, ಮೈಸೂರು ಸೀಮೆಯ ದೊಡ್ಡೆನಗುಡ್ಡ ಎಸ್ಟೇಟಿನ ಕೆಂಟ್ ಎಂಬ ಬೆಳೆಗಾರ ರೋಗವಿಲ್ಲದೆ ನಿಂತ ಒಂದು ಗಿಡವನ್ನು ಗುರುತಿಸಿದ. ಅದರ ಬೀಜದಿಂದ ಬಂದ ಕೆಂಟ್ಸ್ ತಳಿ ಊರೂರಿಗೆ ಹರಡಿತು. ಅದ್ಭುತ ಗಿಡವೆಂಬುದು ಇದ್ದೇ ಇತ್ತು! ಆದರೆ ಮುಂದೆ ಅದಕ್ಕೂ ತುಕ್ಕು ಹಿಡಿಯಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ, ತುಕ್ಕಿನ ಶಿಲೀಂಧ್ರದಲ್ಲೇ ಬೇರೆ ಬೇರೆ ಜಾತಿಗಳಿವೆಯೆಂದು 1930ರ ದಶಕದಲ್ಲಿ ತೋರಿಸಿಕೊಟ್ಟ. ಆ ಮೇಲೆ ಕೆಂಟ್ಸ್ ತಳಿಯನ್ನೇ ಇನ್ನೊಂದರೊಡನೆ ಕೂಡಿಸಿ, ಪರೀಕ್ಷಿಸಿ, ಎಸ್.795 ತಳಿಯನ್ನು 1940ರ ದಶಕದಲ್ಲಿ ಬೆಳೆಗಾರರ ಕೈಗೆ ಕೊಟ್ಟರು. ಅಡಿಕೆಯಲ್ಲಿ ಮಂಗಳ ತಳಿಯೂ ಹೀಗೆಯೇ: ಚೀನದಿಂದ ತರಿಸಿದ ಗಿಡವನ್ನು ವಿಟ್ಲದಲ್ಲಿ ವರ್ಷಗಟ್ಟಲೆ ಬೆಳೆಸಿ ನೋಡಿ 1972ರಲ್ಲಿ ಬಿಡುಗಡೆ ಮಾಡಿದರು. ನಿಜವಾದ ಅದ್ಭುತಕ್ಕೆ ಊರಿದೆ, ಇಸವಿಯಿದೆ, ಪರೀಕ್ಷೆ ಮಾಡಿದವರಿದ್ದಾರೆ. ಸೋತ ಸಂಗತಿಯನ್ನೂ ಅದು ಮುಚ್ಚಿಡುವುದಿಲ್ಲ.

ನಮ್ಮ ಸದಸ್ಯರೊಬ್ಬರ ಮನೆಗೆ ಕೆಲವು ವರ್ಷಗಳ ಹಿಂದೆ ಜೀಪಿನಲ್ಲಿ ಒಬ್ಬಾತ ಬಂದ. ಹಳದಿ ಎಲೆ ರೋಗ ಹತ್ತಿರ ಸುಳಿಯದ, ಮೂರನೇ ವರ್ಷಕ್ಕೇ ಗೊನೆ ಬಿಡುವ ಅಡಿಕೆ ಸಸಿಯೆಂದು ಕಥೆ ಹೇಳಿದ. ಕಥೆ ಸೊಗಸಾಗಿತ್ತು, ಕಾಲ್ದಿಯ ಆಡಿಗಿಂತ ಚೆನ್ನಾಗಿ ಕುಣಿಯಿತು. ನಮ್ಮವರು ಇನ್ನೂರು ಸಸಿ ಕೊಂಡು, ಹಳೆಯ ಮರ ಕಡಿಸಿ ನೆಟ್ಟರು. ಆರನೇ ವರ್ಷವೂ ಗೊನೆಯಿಲ್ಲ. ಏಳನೆಯದರಲ್ಲಿ ಗರಿ ಹಳದಿಯಾಯಿತು. ಜೀಪಿನವನ ವಿಳಾಸ ಯಾರಿಗೂ ಗೊತ್ತಿಲ್ಲ. ಕಾಫಿ ಹಣ್ಣಿನಲ್ಲಿ ಜೊಳ್ಳು ತೇಲಲು ಒಂದು ಗಳಿಗೆ ಸಾಕು. ಅಡಿಕೆ ಸಸಿಯಲ್ಲಿ ತೇಲುವಷ್ಟರಲ್ಲಿ ಮಗಳ ಮದುವೆಯ ವಯಸ್ಸಾಗಿರುತ್ತದೆ. “ಆ ದಿನ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಈ ಗಿಡ ಯಾರ ತೋಟದಲ್ಲಿ ಫಲ ಕೊಟ್ಟಿದೆ, ತೋರಿಸು ಎಂದು,” ಎನ್ನುತ್ತಾರೆ ಅವರು. ತಮ್ಮ ಹೆಸರು ಬೇಡ, ಆದರೆ ಈ ಸಂಗತಿಯನ್ನು ಅಗತ್ಯವಾಗಿ ಬರೆಯಿರಿ ಎಂದು ಹೇಳಿದವರೂ ಅವರೇ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಕಥೆ ಹೇಳುವವರು ಜಗಲಿಗೆ ಬಂದರೆ ಬೇಡವೆನ್ನಬೇಡಿ. ಕೂರಿಸಿ ಕಾಫಿ ಕೊಡಿ, ಎಲೆಯಡಿಕೆ ತಟ್ಟೆ ಮುಂದಿಡಿ, ಪೂರ್ತಿ ಕೇಳಿ. ಕೈ ಜೇಬಿಗೆ ಹೋಗುವ ಮೊದಲು ಮಾತ್ರ ಆ ಮೂರು ಪ್ರಶ್ನೆ ಕೇಳಿ. ಉತ್ತರ ಬಂದರೆ, ಹೊಸ ಗಿಡ ಹಾಕಲು ಮೊದಲ ಸಾಲಿನಲ್ಲಿ ನಾವೂ ನಿಲ್ಲುತ್ತೇವೆ, ಹತ್ತು ಸಸಿಯಿಂದ ಆರಂಭಿಸಿ.