ಗುರುತಿನ ಕಳವು ಮತ್ತು ಗ್ರಾಹಕ ರಕ್ಷಣೆ: ಪ್ರೌಢಶಾಲೆಯಲ್ಲಿ ಬೋಧಿಸುವ ಬಗೆ

ಮನೆಯಿಂದ ಚಾದರ ಕಳವಾದರೆ ಅದಿದ್ದ ಜಾಗ ಬರಿದಾಗಿ ಕಾಣುತ್ತದೆ. ಗುರುತು ಕಳವಾದಾಗ ಹಾಗಲ್ಲ. ಆಧಾರ್ ಕಾರ್ಡು, ಪಾಸ್‌ಬುಕ್ಕು, ಮೊಬೈಲು ಎಲ್ಲವೂ ಮನೆಯಲ್ಲಿಯೇ ಇರುತ್ತವೆ. ಅವುಗಳ ವಿವರ ಮಾತ್ರ ಪರರ ಕೈಸೇರಿ, ಒಡೆಯನ ಹೆಸರಿನಲ್ಲಿ ಹಣ ತೆಗೆಯಲು ಅಥವಾ ಸಾಲ ಪಡೆಯಲು ಬಳಕೆಯಾಗುತ್ತದೆ. ಸೊಲ್ಲಾಪುರದ ವಿದ್ಯಾರ್ಥಿಗಳಿಗೆ ಈ ಹೋಲಿಕೆಯಿಂದಲೇ ಪಾಠವನ್ನು ಆರಂಭಿಸಬಹುದು.

ಈ ಭಾಗದ ಕನ್ನಡ ಮನೆಗಳಿಗೆ ಬ್ಯಾಂಕಿನ ಸಂದೇಶಗಳು ಸಾಮಾನ್ಯವಾಗಿ ಇಂಗ್ಲಿಷ್, ಹಿಂದಿ ಅಥವಾ ಮರಾಠಿಯಲ್ಲಿ ಬರುತ್ತವೆ. ಅವನ್ನು ಹಿರಿಯರಿಗೆ ಓದಿ ಹೇಳುವವರು ಅನೇಕ ವೇಳೆ ಮಕ್ಕಳೇ. ಆದುದರಿಂದ ಮಗು ಕಲಿತದ್ದು ಇಡೀ ಮನೆಗೆ ಕಾವಲಾಗುತ್ತದೆ.

ತರಗತಿಯಲ್ಲಿ ಒಂದು ಸಂಭಾಷಣೆಯನ್ನು ಅಭಿನಯಿಸಲಿ. ಅಕ್ಕಲಕೋಟೆಯ ಯಾತ್ರಿಕನಿಗೆ ಒಬ್ಬನು ಕರೆಮಾಡಿ, "ಕೋಣೆಯ ಮುಂಗಡ ಹಿಂದಿರುಗಿಸುತ್ತೇವೆ, ಪಿನ್ ಒತ್ತಿರಿ" ಎನ್ನುತ್ತಾನೆ. ಮೋಸ ಎಲ್ಲಿದೆಯೆಂದು ವಿದ್ಯಾರ್ಥಿಗಳೇ ಗುರುತಿಸಬೇಕು. ಯುಪಿಐ ಪಿನ್ ಎಂದರೆ ಖಾತೆಯಿಂದ ಹಣ ಹೊರಹೋಗಲು ಕೊಡುವ ಅಪ್ಪಣೆ. ಹಣ ಪಡೆಯಲು ಅದು ಬೇಕಾಗಿಲ್ಲ. ಆಧಾರಿನ ಪ್ರತಿ ಕೊಡುವಾಗಲೂ, ಸಾಧ್ಯವಿದ್ದಲ್ಲಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಕೊಡುವುದು ಲೇಸು.

ಇಲ್ಲಿ ಒಂದು ಪದದ ವಿಚಾರವನ್ನು ಶಿಕ್ಷಕರು ಗಮನಿಸಬೇಕು. ಕನ್ನಡದಲ್ಲಿ 'ತಕರಾರು' ಎಂದರೆ ಆಕ್ಷೇಪ, ಜಗಳ. ಮರಾಠಿಯ 'ತಕ್ರಾರ್' ಎಂದರೆ ದೂರು ಎಂಬ ಅರ್ಥವೂ ಇದೆ. ಕಚೇರಿಯಲ್ಲಿ 'ತಕ್ರಾರ್' ಅರ್ಜಿ ಕೊಡುವುದು ಜಗಳ ತೆಗೆಯುವುದಲ್ಲ, ನಾಗರಿಕನ ಹಕ್ಕು ಎಂಬುದನ್ನು ಮನದಟ್ಟು ಮಾಡಬೇಕು.

ಹಣ ಹೋದೊಡನೆ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹೊರಗಿನವರಿಂದ ನಷ್ಟವಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ. ತಾನೇ ಗುಟ್ಟಿನ ಸಂಖ್ಯೆ ಹೇಳಿದ್ದರೂ, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಪರರ ಗುರುತನ್ನು ವಂಚನೆಯಿಂದ ಬಳಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿಯವರೆಗೆ ದಂಡವೂ ಉಂಟು.

ಸರಕು ಅಥವಾ ಸೇವೆಯಲ್ಲಿ ದೋಷವಿದ್ದರೆ ದಾರಿ ಬೇರೆ. ಗ್ರಾಹಕ ಸಹಾಯವಾಣಿ 1915. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ರಸೀದಿಯನ್ನು ಜೋಪಾನವಾಗಿಡುವ ರೂಢಿಯನ್ನು ಬೆಳೆಸಬೇಕು.

ಮೋಸಹೋದ ಮಗು ಬೈಗುಳಕ್ಕೆ ಅಂಜಿ ಸುಮ್ಮನಿದ್ದಷ್ಟೂ ಹಣ ಕೈಗೆಟುಕದಷ್ಟು ದೂರ ಸರಿಯುತ್ತದೆ. "ತಪ್ಪಾಯಿತು" ಎಂದು ಅಳುಕಿಲ್ಲದೆ ಹೇಳಬಹುದಾದ ವಾತಾವರಣವನ್ನು ತರಗತಿಯಲ್ಲಿ ಮೂಡಿಸುವುದೇ ಈ ಪಾಠದ ಮೊದಲ ಸಿದ್ಧತೆ.