ಹಳೆಯ ಜಾವಾಕ್ಕೆ ಯಾವ ಪ್ಲಗ್?



ನಮ್ಮಲ್ಲಿ ಹಲವರ ಕೊಟ್ಟಿಗೆಯ ಮೂಲೆಯಲ್ಲಿ ತಂದೆಯವರ ಕಾಲದ ಜಾವಾ ಅಥವಾ ಯೆಜ್ಡಿ ಇನ್ನೂ ನಿಂತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಈ ಗಾಡಿಗಳ ಮೇಲಿನ ಮೋಹ ಆರಿಲ್ಲ. ಹೆಡ್ ತೇಯಿಸಿ, ಕಂಪ್ರೆಷನ್ ಏರಿಸಿ ಓಡಿಸುವ ಉತ್ಸಾಹ ಈಗ ನಮ್ಮ ಹುಡುಗರಿಗೂ ಬಂದಿದೆ. ಇದೇ ಹುಚ್ಚಿನಲ್ಲಿ ಒಂದು ಪಿಸ್ಟನ್ ಕಳೆದುಕೊಂಡವನು ನಾನು. ಆದ್ದರಿಂದ ಈ ನಾಲ್ಕು ಮಾತು.

ಹೆಡ್ ತೇಯಿಸಿದ ಮೇಲೆ ತೋಟದ ದಾರಿಯಲ್ಲಿ ನಿಧಾನವಾಗಿ ಓಡಿಸುವಾಗ ಪ್ಲಗ್ ಪದೇ ಪದೇ ಎಣ್ಣೆ ಹಿಡಿದು ಕಪ್ಪಾಗುತ್ತಿತ್ತು. ಉಪಾಯವೆಂದು ಎರಡು ಮೆಟ್ಟಿಲು ‘ಹಾಟ್’ ಪ್ಲಗ್ ಹಾಕಿದೆ. ತೋಟದೊಳಗೆ ಸೊಗಸಾಗಿ ಓಡಿತು. ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಏರುವಾಗ ಅರ್ಧದಲ್ಲೇ ಇಂಜಿನ್ ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ತಲೆಯಲ್ಲಿ ತೂತು!

ಹಾಟ್ ಪ್ಲಗ್ ಎಂದರೆ ಹೆಚ್ಚು ಕಿಡಿ ಕೊಡುವ ಪ್ಲಗ್ ಅಲ್ಲ. ಅದರ ತುದಿಯ ಪಿಂಗಾಣಿ ಉದ್ದ. ಶಾಖ ಹೆಡ್ಡಿಗೆ ಇಳಿಯುವುದು ತಡ. ಕೋಲ್ಡ್ ಪ್ಲಗ್ಗಿನಲ್ಲಿ ಅದು ಗಿಡ್ಡ. ಶಾಖ ಬೇಗ ಇಳಿಯುತ್ತದೆ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಟ್ಟುಹೋಗುವುದಿಲ್ಲ. 850 ದಾಟಿದರೆ ಅದೇ ಕೆಂಡವಾಗಿ, ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಕಂಪ್ರೆಷನ್ ಏರಿದ ಇಂಜಿನ್ನಿಗೆ ಶಾಖವೂ ಹೆಚ್ಚು. ಅದಕ್ಕೆ ಬೇಕಾದದ್ದು ಕೋಲ್ಡ್ ಪ್ಲಗ್. ನಾನು ಹಾಕಿದ್ದು ತದ್ವಿರುದ್ಧ.

ಕ್ರಮ ಹೀಗಿರಲಿ. ಮೊದಲು ಎಣ್ಣೆಯ ಅಳತೆ, ಕಾರ್ಬುರೇಟರ್, ಇಗ್ನಿಷನ್ ಟೈಮಿಂಗ್ ಸರಿಪಡಿಸಿ. ಕಂಪನಿ ಹೇಳಿದ ಪ್ಲಗ್ಗಿನಿಂದ ಒಂದೇ ಮೆಟ್ಟಿಲು ಕೋಲ್ಡ್ ಕಡೆಗೆ ಹೋಗಿ. ಚೂಡಿಯ ಉದ್ದ ಹಳೆಯದರಷ್ಟೇ ಇರಲಿ. ಏರಿನಲ್ಲಿ ಚೆನ್ನಾಗಿ ಎಳೆಸಿ, ಕ್ಲಚ್ ಹಿಡಿದು ಇಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಿ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ಸರಿ. ಸುಣ್ಣದಂತೆ ಬಿಳುಪಾಗಿ ಗುಳ್ಳೆ ಎದ್ದಿದ್ದರೆ ಗಾಡಿ ಮುಂದೆ ಓಡಿಸಬೇಡಿ.

ಅಂಗಡಿಯಲ್ಲಿ ಅಂಕೆ ನೋಡಿ ಮೋಸಹೋಗಬೇಡಿ. ಎನ್‌ಜಿಕೆಯಲ್ಲಿ 7ಕ್ಕಿಂತ 8 ಕೋಲ್ಡ್. ಈಗಿನ ಬಾಷ್‌ನಲ್ಲಿ ಉಲ್ಟಾ, ಅಂಕೆ ಇಳಿದಷ್ಟೂ ಕೋಲ್ಡ್. ಬಾಷ್‌ನ ಹಳೆಯ 175, 225ರ ಲೆಕ್ಕದಲ್ಲಿ ಮತ್ತೆ ದೊಡ್ಡದೇ ಕೋಲ್ಡ್.

ತೋಟದೊಳಗೆ ಆಗೊಮ್ಮೆ ಈಗೊಮ್ಮೆ ಪ್ಲಗ್ ಕಪ್ಪಾದರೆ ಬೇಸರ ಬೇಡ. ಕಪ್ಪಾದ ಪ್ಲಗ್ ಒರೆಸಿ ಹಾಕಬಹುದು. ತೂತಾದ ಪಿಸ್ಟನ್ನಿಗೆ ತೇಪೆಯಿಲ್ಲ.

— ಕಾರ್ಯದರ್ಶಿ