ಮೀನುಮರಿಗಳನ್ನು ಹಕ್ಕಿಗಳಿಂದ ರಕ್ಷಿಸುವ ಬಗೆ

ಮೀನು ಸಾಕುವ ರೈತರು ಕೊಳದ ಅಗೆತ, ಗೊಬ್ಬರ, ಮೀನುಮರಿ ಮತ್ತು ಮೇವಿಗಾಗಿ ಸಾಕಷ್ಟು ಹಣ ತೊಡಗಿಸುತ್ತಾರೆ. ಆದರೆ ಎಷ್ಟೋ ಬಾರಿ ಬಿಟ್ಟ ಮರಿಗಳ ಲೆಕ್ಕಕ್ಕೂ ಬಲೆಗೆ ಬಿದ್ದ ಮೀನುಗಳ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಈ ಕೊರತೆಗೆ ಮೀನು ತಿನ್ನುವ ಹಕ್ಕಿಗಳೂ ಒಂದು ಕಾರಣ. ಹಕ್ಕಿಗಳನ್ನು ಕೊಲ್ಲುವುದು ಇದಕ್ಕೆ ಪರಿಹಾರವಲ್ಲ. ಮರಿಗಳು ಚಿಕ್ಕವಾಗಿರುವ ಮೊದಲ ಎರಡು ಮೂರು ತಿಂಗಳು ಅವುಗಳನ್ನು ಜೋಪಾನ ಮಾಡುವುದೇ ಸರಿಯಾದ ದಾರಿ.

ಹಕ್ಕಿಗಳ ಪರಿಚಯ

ಬೇಟೆಯಾಡುವ ಕ್ರಮವನ್ನು ಅನುಸರಿಸಿ ಈ ಹಕ್ಕಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು. ನೀರುಕಾಗೆ ಮತ್ತು ಹಾವಕ್ಕಿ ನೀರಿನಲ್ಲಿ ಮುಳುಗಿ ಮೀನನ್ನು ಬೆನ್ನಟ್ಟುತ್ತವೆ. ಬೂದು ಬಕ, ಕೊಳದ ಬಕ ಮತ್ತು ಬೆಳ್ಳಕ್ಕಿಗಳು ದಡದ ತೆಳುನೀರಿನಲ್ಲಿ ನಿಂತು ಹಿಡಿಯುತ್ತವೆ. ಮಿಂಚುಳ್ಳಿ ಮೇಲಿನಿಂದ ಎರಗುತ್ತದೆ. ದನಗಳ ಜೊತೆ, ನೇಗಿಲ ಹಿಂದೆ ಓಡಾಡುವ ಗೋವಕ್ಕಿ ನೋಡಲು ಬೆಳ್ಳಗಿದ್ದರೂ ಮುಖ್ಯವಾಗಿ ಹುಳುಹುಪ್ಪಟೆಗಳನ್ನು ತಿನ್ನುತ್ತದೆ. ಅದನ್ನು ಶತ್ರುವೆಂದು ತಿಳಿಯಬಾರದು.

ಎರಡರಿಂದ ಮೂರು ಕಿಲೋ ತೂಗುವ ದೊಡ್ಡ ನೀರುಕಾಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಮೀನು ತಿನ್ನುತ್ತದೆ. ತಲಾ 10 ಗ್ರಾಂ ತೂಕದ ಮರಿಗಳಾದರೆ ಇದು 50 ಮರಿಗಳಿಗೆ ಸಮ. ಇಂತಹ ಹತ್ತು ಹಕ್ಕಿಗಳು ಒಂದೇ ಕೊಳವನ್ನು ನಂಬಿ ನಿಂತರೆ, ಎಕರೆಗೆ 2,000ದಂತೆ ಬಿಟ್ಟ ಮರಿಗಳು ನಾಲ್ಕು ದಿನಕ್ಕೆ ಮುಗಿಯುತ್ತವೆ. ಅದೇ ಮೀನು ಅರ್ಧ ಕಿಲೋ ಬೆಳೆದಿದ್ದರೆ ಹಕ್ಕಿಗಳಿಂದ ಆಗುವ ನಷ್ಟ ತೀರಾ ಕಡಿಮೆ.

ಮರಿಯ ಗಾತ್ರವೇ ಮೊದಲ ರಕ್ಷಣೆ

ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯ ಎಳೆಮರಿಗಳನ್ನು ನೇರವಾಗಿ ದೊಡ್ಡ ಕೊಳಕ್ಕೆ ಬಿಡಬಾರದು. ಅವುಗಳನ್ನು ಚಿಕ್ಕ ಪಾಲನಾ ಕೊಳದಲ್ಲಿ ಬೆಳೆಸಿ, 10 ಸೆಂ.ಮೀ. ಉದ್ದವಾದ ಮೇಲೆ ಬಿಡುವುದು ಲೇಸು. ಚಿಕ್ಕ ಕೊಳವಾದುದರಿಂದ ಇಡೀ ಕೊಳದ ಮೇಲೆ ಬಲೆ ಹೊದಿಸುವುದು ಸಾಧ್ಯ. ಬಲೆಯ ದಾರ ದಪ್ಪವಾಗಿ, ಕಣ್ಣಿಗೆ ಕಾಣುವ ಬಣ್ಣದ್ದಾಗಿರಬೇಕು. ಅದನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಜೋಲುಬಿದ್ದ ತೆಳು ನೈಲಾನ್ ಬಲೆಯಲ್ಲಿ ಹಕ್ಕಿಗಳು ಸಿಕ್ಕಿಕೊಂಡು ಸಾಯುತ್ತವೆ. ಬೆಳಿಗ್ಗೆ ಮತ್ತು ಸಂಜೆ ಬಲೆಯನ್ನು ನೋಡಿಕೊಳ್ಳುವುದು ಅವಶ್ಯಕ.

ದೊಡ್ಡ ಕೊಳಗಳಲ್ಲಿ ಕ್ರಮಗಳು

ದಡವನ್ನು ಕಡಿದಾಗಿ ಮಾಡಿ, ಅಂಚಿನಲ್ಲಿಯೂ ಎರಡು ಅಡಿಗಿಂತ ಹೆಚ್ಚು ನೀರು ನಿಲ್ಲುವಂತೆ ನೋಡಿಕೊಂಡಲ್ಲಿ ಬಕಗಳಿಗೆ ನಿಲ್ಲಲು ನೆಲೆ ಸಿಗುವುದಿಲ್ಲ. ಬಕವು ಸಾಮಾನ್ಯವಾಗಿ ಏರಿಯ ಮೇಲೆ ಇಳಿದು ನಡೆದುಕೊಂಡು ನೀರಿಗೆ ಬರುತ್ತದೆ. ಆದುದರಿಂದ ನೀರಿನಂಚಿನ ಉದ್ದಕ್ಕೂ ಗೂಟ ನೆಟ್ಟು, ಒಂದು ಗೇಣು ಹಾಗೂ ಒಂದೂವರೆ ಗೇಣು ಎತ್ತರದಲ್ಲಿ ಎರಡು ದಾರಗಳನ್ನು ಎಳೆದು ಕಟ್ಟಬೇಕು.

ನೀರುಕಾಗೆಗೆ ಆಳ ಅಡ್ಡಿಯಲ್ಲ. ಆದರೆ ಅದಕ್ಕೆ ನೀರಿನಿಂದ ಮೇಲೇಳಲು ಸ್ವಲ್ಪ ದೂರ ಓಡಬೇಕಾಗುತ್ತದೆ. ಕೊಳದ ಮೇಲೆ ಅಡ್ಡಡ್ಡವಾಗಿ ದಾರಗಳನ್ನು ಕಟ್ಟಿದರೆ ಇಳಿಯಲು ಹಿಂಜರಿಯುತ್ತದೆ. ಕೊಳದೊಳಗೆ ಬಿದಿರಿನ ಕಂತೆಗಳನ್ನು ಮುಳುಗಿಸಿಟ್ಟರೆ ಮೀನಿಗೆ ಆಸರೆಯಾಗುತ್ತದೆ. ಬಲೆ ಎಳೆಯುವ ಮುನ್ನ ಅವನ್ನು ತೆಗೆಯಬೇಕು. ಮಿಂಚುಳ್ಳಿ ಕುಳಿತು ಹೊಂಚುಹಾಕುವ ಒಣಗೂಟ ಮತ್ತು ಬಾಗಿದ ಕೊಂಬೆಗಳನ್ನು ತೆಗೆದುಹಾಕಬೇಕು. ಹಿಂಡಿ ಮತ್ತು ತೌಡನ್ನು ನೀರಿನ ಮೇಲೆ ಎರಚುವ ಬದಲು ತಟ್ಟೆಯಲ್ಲಿಟ್ಟು ಇಳಿಬಿಟ್ಟರೆ ಮೀನುಗಳು ಮೇಲ್ಮೈಗೆ ಬಂದು ಮುತ್ತುವುದಿಲ್ಲ.

ಬೆದರುಬೊಂಬೆ, ಹೊಳೆಯುವ ಪಟ್ಟಿ, ತಮಟೆಯ ಸದ್ದು ಇವುಗಳಿಗೆ ಹಕ್ಕಿಗಳು ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತವೆ. ಇವುಗಳ ಜಾಗವನ್ನೂ ಬಗೆಯನ್ನೂ ಬದಲಿಸುತ್ತಿರಬೇಕು. ಮೊದಲ ಹಕ್ಕಿ ಬಂದ ದಿನವೇ ಓಡಿಸುವುದು, ಹಿಂಡು ಕಟ್ಟಿದ ಮೇಲೆ ಓಡಿಸುವುದಕ್ಕಿಂತ ಸುಲಭ.

ಹಕ್ಕಿ ಕೊಡುವ ಸೂಚನೆ

ಮುಂಜಾನೆ ಏಕಾಏಕಿ ಬಹಳ ಹಕ್ಕಿಗಳು ಕೊಳಕ್ಕೆ ಮುತ್ತಿದಲ್ಲಿ ಮೊದಲು ನೀರನ್ನು ಪರೀಕ್ಷಿಸಬೇಕು. ಗೊಬ್ಬರ ಹೆಚ್ಚಾದಾಗ ಅಥವಾ ಮೋಡ ಕವಿದ ದಿನಗಳಲ್ಲಿ ನೀರಿನ ಆಮ್ಲಜನಕ ಕುಗ್ಗಿ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಹಕ್ಕಿಗಳಿಗೆ ಅದೇ ಸುಗ್ಗಿ. ಹಕ್ಕಿಯನ್ನು ಓಡಿಸಿ ಸುಮ್ಮನಾದರೆ ಉಳಿದ ಮೀನೂ ಸಾಯಬಹುದು. ತಕ್ಷಣ ಗೊಬ್ಬರ ಮತ್ತು ಮೇವನ್ನು ನಿಲ್ಲಿಸಿ, ಹೊಸನೀರನ್ನು ಎತ್ತರದಿಂದ ಧುಮುಕುವಂತೆ ಹಾಯಿಸಬೇಕು.

ಕೊಲ್ಲುವುದು ಸಲ್ಲದು

ಈ ಹಕ್ಕಿಗಳನ್ನು ಕೊಲ್ಲುವುದು, ಗೂಡು ಮತ್ತು ಮೊಟ್ಟೆ ನಾಶಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿಷವಿಟ್ಟರೆ ನೀರು, ದನಕರು ಮತ್ತು ಮನುಷ್ಯರಿಗೂ ಅಪಾಯ. ಒಂದು ಹಕ್ಕಿ ಸತ್ತರೂ ಮೇವಿರುವ ಜಾಗಕ್ಕೆ ಮತ್ತೊಂದು ಬರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮೀನನ್ನೇ ತಿಂದು ಬದುಕುವ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಸಾರಜನಕ ಮತ್ತು ರಂಜಕ ಹೇರಳವಾಗಿರುವ ಅವುಗಳ ಹಿಕ್ಕೆಯನ್ನು ಅಲ್ಲಿನ ರೈತರು ಹೊಲಕ್ಕೆ ಗೊಬ್ಬರವಾಗಿ ಬಳಸಿಕೊಂಡು ಬಂದಿದ್ದಾರೆ.

ಮರಿಗಳನ್ನು ಬಿಡುವ ಮುನ್ನವೇ ಬಲೆ, ದಾರ ಮತ್ತು ಗೂಟಗಳನ್ನು ಸಿದ್ಧಪಡಿಸಿಕೊಂಡ ರೈತರು ತಮ್ಮ ಬೆಳೆಯ ಬಹುಪಾಲನ್ನು ಉಳಿಸಿಕೊಳ್ಳಬಹುದು. ಹೆಚ್ಚಿನ ಮಾಹಿತಿಗಾಗಿ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.